ಬಿಕ್ಕಲಂ ಅಂದರೆ ಯಾರು? ದಸ್ತಾವೇಜಿನ ಕೊನೆಯ ಪುಟದ ಸಹಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಕ್ರಯಪತ್ರ, ಉಯಿಲು, ಪ್ರೋನೋಟುಗಳ ಕೊನೆಯಲ್ಲಿ ಸಹಿ ಹಾಕುವವರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪದದ ಅರ್ಥ ಕೇಳಿದವರಿಗೂ ಕೆಲಸದ ದಾರಿ ಕೇಳಿದವರಿಗೂ ಇಲ್ಲಿ ಉತ್ತರವಿದೆ. ಎರಡನ್ನೂ ಬೇರೆ ಮಾಡುವುದು ಕಷ್ಟ, ಏಕೆಂದರೆ ಯಾವ ಹೆಸರಿನ ಕೆಳಗೆ ಸಹಿ ಬಿತ್ತು ಎಂಬುದರ ಮೇಲೆ ಆ ಸಹಿಯ ಬೆಲೆ ನಿಂತಿದೆ.

ಪ್ರಶ್ನೆ: ನಮ್ಮ ತಾತನವರು 1938ರಲ್ಲಿ ಕೊಂಡ ಜಮೀನಿನ ಶುದ್ಧ ಕ್ರಯಪತ್ರದಲ್ಲಿ ಮಾರಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಆದಮೇಲೆ ‘ಬಿಕ್ಕಲಂ’ ಎಂದು ಬರೆದು ಊರಿನ ಶ್ಯಾನುಭೋಗರ ಸಹಿ ಇದೆ. ಬಿಕ್ಕಲಂ ಎಂದರೇನು? ಅವರಿಗೂ ಜಮೀನಿನಲ್ಲಿ ಪಾಲಿತ್ತು ಎಂದು ನಮ್ಮ ದಾಯಾದಿಗಳು ವಾದಿಸುತ್ತಿದ್ದಾರೆ. (ಹಿರಿಯೂರಿನ ಓದುಗರು)

ಉತ್ತರ: ಬಿಕ್ಕಲಂ ಎಂಬ ಸಹಿಯಿಂದ ಯಾವ ಪಾಲೂ ಹುಟ್ಟುವುದಿಲ್ಲ. ಆ ಪತ್ರವನ್ನು ಕಾಗದದ ಮೇಲೆ ಬರೆದವರು ಶ್ಯಾನುಭೋಗರು ಎಂದಷ್ಟೇ ಅದರ ಅರ್ಥ.

ಪದ ಬಂದದ್ದು ಅರಬ್ಬಿ–ಪಾರಸಿ ದಫ್ತರಗಳಿಂದ. ‘ಕಲಂ’ ಎಂದರೆ ಲೇಖನಿ. ಅದರ ಹಿಂದಿನ ‘ಬಿ’ ಎಂಬುದಕ್ಕೆ ‘ಇಂದ, ಮೂಲಕ’ ಎಂಬ ಅರ್ಥವಿದೆ. ‘ಬಿಸ್ಮಿಲ್ಲಾ’ ಎಂಬ ಮಾತಿನ ಮೊದಲಕ್ಷರವೂ ಇದೇ. ಎರಡೂ ಸೇರಿದರೆ ‘ಇಂಥವರ ಲೇಖನಿಯಿಂದ’. ಹಿಂದಿ ಸೀಮೆಯ ಹಳೆಯ ಪತ್ರಗಳಲ್ಲಿ ಇದೇ ‘ಬಕಲಂ’ ಆಗಿ ಕಾಣುತ್ತದೆ. ಸ್ವಂತ ಕೈಯಲ್ಲಿ ಬರೆದಿದ್ದರೆ ‘ಬಕಲಂ ಖುದ್’. ನಾವು ‘ಖುದ್ದು ಹಾಜರಾಗಬೇಕು’ ಎನ್ನುವಾಗ ಬಳಸುವ ಖುದ್ದು ಇದೇ. ಕನ್ನಡದ ಬಾಯಲ್ಲಿ ಕಕಾರ ಒತ್ತಾಗಿ ಬಿಕ್ಕಲಂ ಆಯಿತು. ಇದನ್ನು ‘ಬೇ’ ಎಂಬ ಇನ್ನೊಂದು ಉಪಸರ್ಗದೊಡನೆ ಬೆರೆಸಬೇಡಿ. ಬೇಕಾರ್, ಬೇಜವಾಬ್ದಾರಿ ಮುಂತಾದುವುಗಳಲ್ಲಿರುವ ‘ಬೇ’ಗೆ ‘ಇಲ್ಲದ’ ಎಂಬ ಅರ್ಥ. ಹಾಗೆ ಓದಿದರೆ ಬಿಕ್ಕಲಂ ಲೇಖನಿಯೇ ಇಲ್ಲದವನಾಗಿಬಿಡುತ್ತಾನೆ. ಕಾಯ್ದೆಯ ವಿಭಾಗಕ್ಕೆ ನಾವು ‘ಕಲಂ 17, ಕಲಂ 54’ ಎನ್ನುತ್ತೇವಲ್ಲ, ಆ ಕಲಂ ಕೂಡ ಇದೇ ಲೇಖನಿ, ಮರಾಠಿ ದಫ್ತರದ ದಾರಿಯಲ್ಲಿ ಬಂದದ್ದು.

ಗೊಂದಲಕ್ಕೆ ನಿಜವಾದ ಕಾರಣ ಇನ್ನೊಂದು ಪದ. ಕ್ರಯಪತ್ರಗಳಲ್ಲಿ ಮಾರುವವರನ್ನು ‘ಬರೆದುಕೊಟ್ಟವರು’ ಎನ್ನುತ್ತಾರೆ, ಕೊಳ್ಳುವವರನ್ನು ‘ಬರೆಸಿಕೊಂಡವರು’ ಎನ್ನುತ್ತಾರೆ. ಬರೆದುಕೊಟ್ಟವರು ಒಂದಕ್ಷರವನ್ನೂ ಬರೆದಿರುವುದಿಲ್ಲ. ಅಲ್ಲಿ ‘ಬರೆದುಕೊಡು’ ಎಂದರೆ ಹಕ್ಕನ್ನು ಬಿಟ್ಟುಕೊಡು, ಮಾತಿಗೆ ಕಟ್ಟುಬೀಳು ಎಂದು. ನೋಂದಣಿ ಕಚೇರಿಯ ಇಂಗ್ಲಿಷಿನಲ್ಲಿ ಇವರು ‘ಎಕ್ಸಿಕ್ಯುಟೆಂಟ್’. ಕೈಯಾರೆ ಬರೆದವರು ಬಿಕ್ಕಲಂ. ನಿಮ್ಮ ದಾಯಾದಿಗಳು ‘ಬರೆದವರು’ ಮತ್ತು ‘ಬರೆದುಕೊಟ್ಟವರು’ ಎರಡನ್ನೂ ಒಂದೇ ಎಂದುಕೊಂಡಂತೆ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ಸಹಿಗಳು ಬಿದ್ದಿರುವ ಕ್ರಮ ಬಹಳ ಹಳೆಯದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯ ಸಾಲಪತ್ರದ ವಿಧಿಯನ್ನು ಹೇಳುತ್ತದೆ. ವಿಷಯ ಮುಗಿದ ಮೇಲೆ ಸಾಲಗಾರ ತನ್ನ ಕೈಯಿಂದ ಹೆಸರು ಬರೆದು, ‘ಮತಂ ಮೇಽಮುಕಪುತ್ರಸ್ಯ ಯದತ್ರೋಪರಿ ಲೇಖಿತಮ್’, ಅಂದರೆ ಇಂಥವರ ಮಗನಾದ ನನಗೆ ಮೇಲೆ ಬರೆದದ್ದು ಒಪ್ಪಿಗೆ, ಎನ್ನಬೇಕು. ಆಮೇಲೆ ಸಾಕ್ಷಿಗಳು ತಂದೆಯ ಹೆಸರು ಸೇರಿಸಿ ‘ಇದರಲ್ಲಿ ನಾನು ಸಾಕ್ಷಿ’ ಎಂದು ತಮ್ಮ ಕೈಯಲ್ಲೇ ಬರೆಯಬೇಕು. ಎಲ್ಲಕ್ಕೂ ಕೊನೆಗೆ ಲೇಖಕ, ‘ಇಬ್ಬರೂ ಕೇಳಿಕೊಂಡದ್ದರಿಂದ ಇಂಥವರ ಮಗನಾದ ನಾನು ಬರೆದೆ’ ಎಂದು ಮುಗಿಸಬೇಕು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು, ಇಂದಿನ ಬಸವಕಲ್ಯಾಣದ ನೆಲದವನು. ಪದ ಪಾರಸಿಯದಾದರೂ ಅದು ಕೂತ ಜಾಗ ಮೊದಲೇ ಗೊತ್ತಾಗಿತ್ತು ಎಂದಾಯಿತು.

ಶ್ಯಾನುಭೋಗರೇ ಏಕೆ ಬರೆದರು ಎಂದರೆ ಸರ್ವೆ ನಂಬರು, ಖರಾಬು (ಸಾಗುವಳಿಗೆ ಬಾರದ ನೆಲ), ಕಂದಾಯ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಎಲ್ಲವೂ ಅವರ ಲೆಕ್ಕದಲ್ಲೇ ಇರುತ್ತಿತ್ತು. ಶಾಸನಗಳ ‘ಸೇನಬೋವ’ನೇ ಈ ಶ್ಯಾನುಭೋಗ, ಅಲ್ಲಿಯೂ ಅವನ ಕೆಲಸ ಲೆಕ್ಕ ಮತ್ತು ಬರಹ. ವಂಶಪಾರಂಪರ್ಯದ ಈ ಹುದ್ದೆಯನ್ನು ತೆಗೆದ ಕರ್ನಾಟಕದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಈಗ ಬಿಕ್ಕಲಂ ಜಾಗದಲ್ಲಿ ಪರವಾನಗಿ ಪಡೆದ ಪತ್ರ ಬರಹಗಾರರ ಅಥವಾ ವಕೀಲರ ಸಹಿ, ಮೊಹರು ಇರುತ್ತದೆ.

ನಿಮ್ಮ ಮುಂದಿನ ಹೆಜ್ಜೆ ಇಷ್ಟೇ. ಉಪನೋಂದಣಾಧಿಕಾರಿ ಕಚೇರಿಯಿಂದ ಆ ಪತ್ರದ ದೃಢೀಕೃತ ನಕಲು ತೆಗೆಸಿ. ಹಿಂಬರಹದಲ್ಲಿ ‘ಬರೆದುಕೊಟ್ಟಿದ್ದಾಗಿ ಒಪ್ಪಿರುತ್ತಾರೆ’ ಎಂಬ ಸಾಲಿನ ಎದುರು ಯಾರ ಹೆಸರಿದೆ ನೋಡಿ. ಅಲ್ಲಿ ಶ್ಯಾನುಭೋಗರ ಹೆಸರಿಲ್ಲದಿದ್ದರೆ ಅವರು ಮಾರಿದವರಲ್ಲ.

ಪ್ರಶ್ನೆ: ಸಹಿ, ರುಜು, ದಸ್ತಖತ್ತು, ಅಂಕಿತ — ಇವುಗಳಲ್ಲಿ ವ್ಯತ್ಯಾಸವಿದೆಯೇ? ಒಂದೇ ಆದರೆ ನಾಲ್ಕು ಪದ ಯಾಕೆ? (ಶಿರಸಿಯ ಓದುಗರು)

ಉತ್ತರ: ಕಾನೂನಿನ ಮಟ್ಟಿಗೆ ಒಂದೇ. ಬಂದ ದಾರಿ ಬೇರೆ ಬೇರೆ.

‘ಸಹಿ’ಯ ಮೂಲ ಅರಬ್ಬಿಯ ‘ಸಹೀಹ್’: ಸರಿಯಾದದ್ದು, ದೋಷವಿಲ್ಲದ್ದು. ಗುಮಾಸ್ತ ಬರೆದ ಕಾಗದವನ್ನು ಮೇಲಿನವರು ನೋಡಿ ‘ಸರಿಯಿದೆ’ ಎಂದು ಬರೆಯುತ್ತಿದ್ದ ಪದವೇ ಮುಂದೆ ಹೆಸರು ಬರೆಯುವ ಕ್ರಿಯೆಗೆ ಹೆಸರಾಯಿತು. ಮೇವಾಡದ ಅರಸರ ದಾನಪತ್ರಗಳಲ್ಲಿ ಭರ್ಜಿಯ ಗುರುತಿನ ಜೊತೆಗೆ ‘ಸಹೀ’ ಎಂಬ ಪದವನ್ನೇ ಕೊರೆದಿರುತ್ತಾರೆ. ಅದು ಹೆಸರಲ್ಲ, ಮಂಜೂರಾತಿ. ಹಿಂದಿಯಲ್ಲಿ ಇಂದಿಗೂ ಸಹೀ ಎಂದರೆ ಸರಿ. ಮರಾಠಿಯಲ್ಲಿ, ಕನ್ನಡದಲ್ಲಿ ಕೈಬರಹದ ಗುರುತು.

‘ದಸ್ತಖತ್ತು’ ಸರಳ: ಪಾರಸಿಯ ದಸ್ತ್ ಎಂದರೆ ಕೈ, ಅರಬ್ಬಿಯ ಖತ್ ಎಂದರೆ ಬರಹ. ಹಳ್ಳಿಯ ಮಾತಿನ ‘ದಸ್ಕತ್ತು’ ಇದೇ. ದಸ್ತಾವೇಜಿನಲ್ಲೂ ಇದೇ ಕೈ ಇದೆ. ಕೈಯಲ್ಲಿ ಹಿಡಿಯುವ ಆಧಾರ ಎಂಬ ಭಾವ. ಆಸ್ತಿ ಹಂಚಿಕೆಯ ಪತ್ರವಾದ ಪಾಲುಪಾರೀಖತ್ತಿನ ಬಾಲದಲ್ಲಿರುವುದೂ ಇದೇ ಖತ್ತು.

‘ರುಜು’ ಸ್ವಲ್ಪ ತಕರಾರಿನದು. ಸಂಸ್ಕೃತದ ‘ಋಜು’, ಅಂದರೆ ನೇರವಾದದ್ದು, ಇದರಿಂದ ಬಂತೆಂದು ಹಲವರು ಹೇಳುತ್ತಾರೆ. ಕಿವಿಗೆ ಹಿತವಾಗಿಯೂ ಇದೆ. ನಮ್ಮ ಒಲವು ಮಾತ್ರ ಅರಬ್ಬಿಯ ‘ರುಜೂ’ ಕಡೆಗೆ. ಅದರ ಅರ್ಥ ಮರಳು, ಒಂದೆಡೆಗೆ ತಿರುಗು. ಮರಾಠಿ ದಫ್ತರದಲ್ಲಿ ರುಜೂ ಎಂದರೆ ಲೆಕ್ಕವನ್ನು ತಾಳೆ ನೋಡಿದ್ದು, ಕೆಲಸಕ್ಕೆ ಹಾಜರಾದದ್ದು. ಇಂದಿಗೂ ಅಲ್ಲಿ ನೌಕರಿಗೆ ಸೇರಿದರೆ ‘ರುಜೂ’ ಆದರೆನ್ನುತ್ತಾರೆ. ನಮ್ಮಲ್ಲಿ ‘ರುಜುವಾತು’, ತೆಲುಗಿನಲ್ಲಿ ‘ರುಜುವು’ ಎರಡಕ್ಕೂ ಪುರಾವೆ ಎಂಬ ಅರ್ಥ ಬಂದದ್ದು ಈ ತಾಳೆ ನೋಡುವ ಕೆಲಸದಿಂದ ಎಂದರೆ ಹೊಂದುತ್ತದೆ. ‘ರುಜುವಾತು’ವಿನ ಆ ‘ಆತ್’ ಬಾಲವೂ ಸಂಸ್ಕೃತದ್ದಲ್ಲ.

‘ಅಂಕಿತ’ ಸಂಸ್ಕೃತದ್ದು: ಗುರುತು ಹಾಕಿದ್ದು. ವಚನಕ್ಕೆ ‘ಕೂಡಲಸಂಗಮದೇವ’, ದಾಸರ ಪದಕ್ಕೆ ‘ಪುರಂದರ ವಿಠಲ’ ಅಂಕಿತವಾದದ್ದನ್ನು ಬಲ್ಲ ನಮಗೆ ಈ ಪದ ಹೊಸದಲ್ಲ. ಈಗ ಅದು ರಾಜ್ಯಪಾಲರು ಮಸೂದೆಗೆ ಹಾಕುವ ಸಹಿಗೆ ಮೀಸಲಾದಂತಿದೆ.

ಈ ನಾಲ್ಕಕ್ಕೂ ಮೊದಲು ಕನ್ನಡಕ್ಕೆ ತನ್ನದೇ ಪದವಿತ್ತು: ‘ಒಪ್ಪ’. ‘ಸ್ವಹಸ್ತದೊಪ್ಪ’, ‘ಶ್ರೀಹಸ್ತದೊಪ್ಪ’ ಎಂದು ಶಾಸನಗಳ ಕೊನೆಯಲ್ಲಿ ಓದುತ್ತೇವೆ. ವಿಜಯನಗರದ ತಾಮ್ರಪಟಗಳಲ್ಲಿ ಪಾಠವೆಲ್ಲ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಯ ಒಪ್ಪ ‘ಶ್ರೀ ವಿರೂಪಾಕ್ಷ’ ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ. ಅರಸ ತನ್ನ ಹೆಸರು ಬರೆಯದೆ ದೇವರ ಹೆಸರು ಬರೆಯುತ್ತಿದ್ದ. ಮಲಯಾಳದಲ್ಲಿ ಇಂದಿಗೂ ಸಹಿಗೆ ‘ಒಪ್ಪ್’, ತಮಿಳಿನಲ್ಲಿ ‘ಕೈಯೊಪ್ಪಂ’. ನಾವು ಅದನ್ನು ಒಪ್ಪಂದ, ಒಪ್ಪಿಗೆಗಳಲ್ಲಿ ಉಳಿಸಿಕೊಂಡು ಸಹಿಗೆ ಮಾತ್ರ ಎರವಲಿಗೆ ಹೋದೆವು.

ಪ್ರಶ್ನೆ: ‘ಸಿಗ್ನೇಟರಿ’ ಎಂಬುದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು? ಸಂಘದ ಬ್ಯಾಂಕ್ ಖಾತೆಯ ಠರಾವಿಗೆ ಬೇಕಾಗಿದೆ. (ದಾವಣಗೆರೆಯ ಓದುಗರು)

ಉತ್ತರ: ‘ಸಹಿದಾರರು’ ಎಂದು ಬರೆಯಿರಿ, ಖಾತೆದಾರ, ಷೇರುದಾರ, ಚಂದಾದಾರರ ಸಾಲಿನದು, ಬ್ಯಾಂಕಿನವರಿಗೂ ಅರ್ಥವಾಗುತ್ತದೆ. ಪದಕ್ಕಿಂತ ಮುಖ್ಯವಾದದ್ದು ಠರಾವಿನಲ್ಲಿ ಇರಬೇಕಾದ ವಿವರ: ಸಹಿದಾರರ ಹೆಸರು ಮತ್ತು ಹುದ್ದೆ, ಎಷ್ಟು ಜನರ ಪೈಕಿ ಎಷ್ಟು ಜನ ಸಹಿ ಹಾಕಿದರೆ ಸಾಕು, ಯಾರದಾದರೂ ಕಡ್ಡಾಯವೇ, ಹಳೆಯ ಸಹಿದಾರರ ಅಧಿಕಾರ ಯಾವ ದಿನಕ್ಕೆ ಮುಗಿಯಿತು. ಕೊನೆಯದನ್ನು ಬಿಡುವವರೇ ಹೆಚ್ಚು. ಆಮೇಲೆ ಮಾಜಿ ಖಜಾಂಚಿಯ ಸಹಿಯ ಚೆಕ್ಕು ಬಂದಾಗ ಜಗಳ.

ಸಂಘದ ಅಥವಾ ಕಂಪನಿಯ ಪರವಾಗಿ ಸಹಿ ಹಾಕುವವರು ಹೆಸರಿನ ಮೇಲೆ ‘ಇಂಥ ಸಂಘದ ಪರವಾಗಿ’ ಎಂದೂ ಕೆಳಗೆ ಹುದ್ದೆಯನ್ನೂ ಬರೆಯಲೇಬೇಕು. ಬರಿಯ ಹೆಸರು ಗೀಚಿದರೆ ಹೊಣೆ ತಮ್ಮ ತಲೆಗೇ ಬರುವ ಸಂಭವವಿದೆ. ಕಂಪನಿಗಳಲ್ಲಿ 2013ರ ಕಂಪನಿ ಕಾಯ್ದೆಯ ಕಲಂ 21ರಂತೆ ನಿರ್ದೇಶಕ ಮಂಡಳಿ ಅಧಿಕಾರ ಕೊಟ್ಟ ಅಧಿಕಾರಿ ಅಥವಾ ನೌಕರರೂ ಸಹಿ ಹಾಕಬಹುದು. ಕೇಳಿದವರಿಗೆ ಆ ನಿರ್ಣಯದ ಪ್ರತಿ ತೋರಿಸಬೇಕು.

ಪ್ರಶ್ನೆ: ನಮ್ಮ ತಂದೆಯವರು ಮೂರು ವರ್ಷದ ಹಿಂದೆ ಉಯಿಲು ಬರೆಸಿದ್ದಾರೆ. ಸಾಕ್ಷಿ ಎಂದು ಒಬ್ಬರದೇ ಸಹಿ ಇದೆ. ಕೆಳಗೆ ಬಿಕ್ಕಲಂ ಬರೆದವರ ಸಹಿ ಇದೆ. ನೋಂದಣಿಯೂ ಆಗಿದೆ, ಅಲ್ಲಿ ಗುರುತಿಸಲು ಇಬ್ಬರು ಬಂದಿದ್ದರು. ಬಿಕ್ಕಲಂ ಅವರನ್ನು ಎರಡನೆಯ ಸಾಕ್ಷಿ ಎಂದು ಎಣಿಸಬಹುದಲ್ಲವೇ? ತಂದೆಯವರು ಆರೋಗ್ಯವಾಗಿದ್ದಾರೆ. (ಚನ್ನರಾಯಪಟ್ಟಣದ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ನಿಮ್ಮ ಅದೃಷ್ಟ. ಎಣಿಸಬಹುದೇ ಎಂದು ತಲೆ ಕೆಡಿಸಿಕೊಳ್ಳದೆ ಹೊಸ ಉಯಿಲು ಬರೆಸಿ. ಯಾಕೆ ಎಂದು ಹೇಳುತ್ತೇವೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 63 ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. (ಮುಸ್ಲಿಮರ ವಸೀಯತ್ತಿಗೆ ಈ ಕಲಂ ಅನ್ವಯಿಸುವುದಿಲ್ಲ.) ಪ್ರತಿಯೊಬ್ಬ ಸಾಕ್ಷಿಯೂ ಉಯಿಲು ಮಾಡುವವರು ಸಹಿ ಹಾಕುವುದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ತಾನೂ ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಅಲ್ಲಿರಲೇಬೇಕೆಂದಿಲ್ಲ. ಸಾಕ್ಷಿ ಎಂಬ ಪದವೇ ‘ಅಕ್ಷ’ ಅಂದರೆ ಕಣ್ಣಿನಿಂದ ಬಂದದ್ದು. ಪಾಣಿನಿ ಅದನ್ನು ಕಣ್ಣಾರೆ ಕಂಡವನ ಹೆಸರೆಂದು ಸೂತ್ರದಲ್ಲೇ ಹೇಳಿದ್ದಾನೆ. ಕಾನೂನು ಕೇಳುವುದೂ ಅದನ್ನೇ.

ಬಿಕ್ಕಲಂ ಸಹಿ ಹೇಳುವುದು ಬೇರೆ ಮಾತು: ‘ನಾನು ಬರೆದೆ’. ‘ನಾನು ಕಂಡೆ’ ಎಂದಲ್ಲ. ಸುಪ್ರೀಂ ಕೋರ್ಟು 1969ರ ತೀರ್ಪೊಂದರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಸಾಕ್ಷಿ ನುಡಿಯುವ ಉದ್ದೇಶದಿಂದಲೇ ಹಾಕಿದ ಸಹಿ ಮಾತ್ರ ಸಾಕ್ಷಿಯ ಸಹಿ. ಬರೆದವನೆಂದು, ಗುರುತಿಸಿದವನೆಂದು, ನೋಂದಣಿ ಅಧಿಕಾರಿಯೆಂದು ಹಾಕಿದ ಸಹಿ ಅಷ್ಟರಿಂದಲೇ ಸಾಕ್ಷಿಯದಾಗದು. ನಿಮ್ಮಲ್ಲಿ ಈ ಮೂರೂ ಬಗೆಯ ಸಹಿಗಳಿವೆ, ಕೊರತೆ ಇರುವುದು ಬೇಕಾದ ಒಂದಕ್ಕೇ. ಬಿಕ್ಕಲಂ ಬರೆದವರು ಕೋರ್ಟಿಗೆ ಬಂದು, ‘ಅವರು ಸಹಿ ಹಾಕಿದ್ದನ್ನು ಕಂಡೆ, ಅವರ ಮುಂದೆಯೇ ಸಾಕ್ಷಿಯಾಗಿಯೂ ಸಹಿ ಹಾಕಿದೆ’ ಎಂದು ನುಡಿದು ಅಡ್ಡಸವಾಲಿನಲ್ಲಿ ಗಟ್ಟಿಯಾಗಿ ನಿಂತರೆ ಒಪ್ಪಿಸಿಕೊಳ್ಳಲು ದಾರಿಯುಂಟು. ಆದರೆ ತಂದೆಯ ಕಾಲಾನಂತರ, ಇನ್ನೊಬ್ಬರ ನೆನಪಿನ ಮೇಲೆ, ಎದುರು ವಕೀಲರ ಮುಂದೆ ಆ ಪರೀಕ್ಷೆ ಯಾರಿಗೆ ಬೇಕು?

ನೋಂದಣಿಯಾಗಿದೆ ಎಂಬುದು ಇದಕ್ಕೆ ಪರಿಹಾರವಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವೇ ಅಲ್ಲ. ಮಾಡಿಸಿದರೂ ಸಾಕ್ಷಿಗಳ ಲೆಕ್ಕ ಬದಲಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 67ರ (ಹಳೆಯ ಕಾಯ್ದೆಯ ಕಲಂ 68) ಪ್ರಕಾರ, ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಬರಬಲ್ಲವರಾಗಿದ್ದರೆ ಅವರನ್ನು ಕರೆಸಿಯೇ ಉಯಿಲನ್ನು ರುಜುವಾತುಪಡಿಸಬೇಕು. ನೋಂದಣಿಯಾದ ಬೇರೆ ಪತ್ರಗಳಿಗೆ ಇರುವ ರಿಯಾಯಿತಿ ಉಯಿಲಿಗಿಲ್ಲ.

ಹೊಸದನ್ನು ಬರೆಸುವಾಗ ಹೀಗೆ ಮಾಡಿ. ‘ಈ ಹಿಂದೆ ಇಂಥ ದಿನ ಮಾಡಿದ ಉಯಿಲನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲು ಮೊದಲೇ ಬರಲಿ. ಸಾಕ್ಷಿಗಳು ತಂದೆಗಿಂತ ಕಿರಿಯರೂ ಊರಲ್ಲೇ ಸಿಗುವವರೂ ಆಗಿರಲಿ, ಆಸ್ತಿಯಲ್ಲಿ ಪಾಲು ಪಡೆಯುವವರಾಗಲಿ ಅವರ ಗಂಡ–ಹೆಂಡಿರಾಗಲಿ ಬೇಡ. ತಂದೆಯವರು ಪ್ರತಿ ಪುಟದ ಕೆಳಗೂ ಕೊನೆಯಲ್ಲೂ ಸಹಿ ಹಾಕಲಿ, ದಿನಾಂಕ ಅವರ ಕೈಯಲ್ಲೇ ಇರಲಿ. ‘ಸಾಕ್ಷಿಗಳು’ ಎಂಬ ತಲೆಬರಹದ ಕೆಳಗೆ, ‘ಬರೆದುಕೊಟ್ಟವರು ನಮ್ಮೆದುರಿನಲ್ಲಿ ಸಹಿ ಮಾಡಿದರು, ಅವರ ಎದುರಿನಲ್ಲಿ ನಾವು ಸಹಿ ಮಾಡಿದೆವು’ ಎಂಬ ಒಕ್ಕಣೆ ಹಾಕಿ, ಇಬ್ಬರ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಬರೆಸಿ. ಬಿಕ್ಕಲಂ ಇವರಿಬ್ಬರ ಕೆಳಗೆ, ಪ್ರತ್ಯೇಕವಾಗಿ. ಕಾಗದವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳುಹಿಸಿ ಸಾಕ್ಷಿ ಸಹಿ ಹಾಕಿಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿದೆ. ಉಯಿಲು ಬೀಳುವುದು ಬಹುಪಾಲು ಅಲ್ಲಿಯೇ.

ಪ್ರಶ್ನೆ: ಅಣ್ಣ ಜಮೀನು ಮಾರುವಾಗ ನನ್ನನ್ನು ಸಾಕ್ಷಿ ಎಂದು ಸಹಿ ಹಾಕಿಸಿಕೊಂಡರು. ಅದು ಪಿತ್ರಾರ್ಜಿತ. ಸಹಿ ಹಾಕಿದ್ದರಿಂದ ನನ್ನ ಹಕ್ಕು ಹೋಯಿತೇ? ‘ಒಪ್ಪಿಗೆ ಸಾಕ್ಷಿ’ ಎಂದರೆ ಬೇರೆಯೇ? (ಗೋಕಾಕದ ಓದುಗರು)

ಉತ್ತರ: ಬೇರೆಯೇ, ಅಕ್ಕ. ಬರಿಯ ಸಾಕ್ಷಿ ಹೇಳುವುದು ‘ಇವರು ಸಹಿ ಹಾಕಿದ್ದನ್ನು ಕಂಡೆ’ ಎಂದು ಮಾತ್ರ. ಒಳಗೇನು ಬರೆದಿದೆ ಎಂದು ಓದಿದ್ದಾರೆ, ಅದಕ್ಕೆ ಒಪ್ಪಿದ್ದಾರೆ ಎಂದು ಆ ಸಹಿಯೊಂದರಿಂದಲೇ ತೀರ್ಮಾನಿಸಲಾಗದು. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಕಾಲದಿಂದಲೂ ನ್ಯಾಯಾಲಯಗಳು ಹೀಗೇ ಹೇಳುತ್ತ ಬಂದಿವೆ. ಆದರೆ ನಿಮಗೆ ವಿಷಯ ಗೊತ್ತಿತ್ತು, ಒಪ್ಪಿಯೇ ಹಾಕಿದಿರಿ ಎಂದು ಬೇರೆ ಪುರಾವೆಯಿಂದ ತೋರಿಸಲು ಅವರಿಗೆ ಅವಕಾಶವಿದೆ. ಹಣದಲ್ಲಿ ಪಾಲು ತೆಗೆದುಕೊಂಡಿದ್ದರೆ ನಿಮ್ಮ ವಾದ ಸೋರುತ್ತದೆ.

‘ಒಪ್ಪಿಗೆ ಸಾಕ್ಷಿ’ ಅಥವಾ ‘ಕನ್ಸೆಂಟಿಂಗ್ ವಿಟ್ನೆಸ್’ ಎಂಬುದು ನಮ್ಮ ನೋಂದಣಿ ಕಚೇರಿಗಳ ಸುತ್ತ ಬೆಳೆದ ಕೂಸು. ಮುಂದೆ ತಕರಾರು ಎತ್ತಬಹುದಾದ ಮನೆಯವರನ್ನು ಕರೆದು, ‘ಈ ಮಾರಾಟಕ್ಕೆ ನಮ್ಮ ಒಪ್ಪಿಗೆ ಇದೆ’ ಎಂಬ ಒಕ್ಕಣೆಯ ಕೆಳಗೆ ಸಹಿ ಪಡೆಯುತ್ತಾರೆ. ಆ ಒಕ್ಕಣೆ ನಿಮ್ಮ ವಿರುದ್ಧ ಬಲವಾದ ಪುರಾವೆ. ನಕಲು ತೆಗೆಸಿ ನಿಮ್ಮ ಸಹಿ ಯಾವ ತಲೆಬರಹದ ಕೆಳಗಿದೆ ಎಂದು ಮೊದಲು ನೋಡಿ, ಆಮೇಲೆ ವಕೀಲರ ಬಳಿ ಹೋಗಿ.

ಕೊಳ್ಳುವವರಿಗೂ ಒಂದು ಮಾತು. ಹಕ್ಕಿರುವವರನ್ನು ಸಾಕ್ಷಿ ಮಾಡಿ ಮುಗಿಸಬೇಡಿ, ‘ಬರೆದುಕೊಟ್ಟವರು’ ಎಂದೇ ಸೇರಿಸಿಕೊಳ್ಳಿ. ಹಕ್ಕು ದಾಟುವುದು ಆ ಸಹಿಯಿಂದ. ಮಾರುವವರಲ್ಲಿ ಅಪ್ರಾಪ್ತ ವಯಸ್ಕರಿದ್ದು, ಆಸ್ತಿ ಅವರ ಸ್ವಂತದ್ದಾಗಿದ್ದರೆ, ತಂದೆ ಅಥವಾ ತಾಯಿ ‘ಪೋಷಕರು’ ಎಂದು ಹಾಕಿದ ಸಹಿಯೂ ಸಾಲದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಕಲಂ 8ರಂತೆ ಮೊದಲೇ ಕೋರ್ಟಿನ ಅನುಮತಿ ಬೇಕು. ಇಲ್ಲದಿದ್ದರೆ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು.

ಪ್ರಶ್ನೆ: ಹೆಬ್ಬೆಟ್ಟು ಒತ್ತಿಸುವಾಗ ಎಡಗೈಯೇ ಏಕೆ? ನಮ್ಮ ತಾಯಿಯವರ ಹೆಬ್ಬೆಟ್ಟು ಪ್ರತಿಸಲವೂ ಮಸಿಯ ಮುದ್ದೆಯಾಗುತ್ತದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಹೆಚ್ಚಿನವರು ಬಲಗೈಯಲ್ಲಿ ದುಡಿಯುವವರು. ಕತ್ತಿ, ಗುದ್ದಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಸಿಮೆಂಟು ಎಲ್ಲವೂ ಆ ಬೆರಳಿನ ಗೆರೆಗಳನ್ನು ಮೊದಲು ಸವೆಸುತ್ತವೆ. ಎಡಗೈಯದು ಉಳಿದುಕೊಂಡಿರುತ್ತದೆ. ಎಡಚರಾದರೆ ಬಲಗೈ ಹೆಬ್ಬೆಟ್ಟು ತೆಗೆದುಕೊಂಡು ಪಕ್ಕದಲ್ಲಿ ಹಾಗೆಂದು ಬರೆದರಾಯಿತು.

ಮುದ್ದೆಯಾಗುವುದು ಮಸಿ ಹೆಚ್ಚಾಗಿ. ಗೆರೆಯ ಮೇಲೆ ಮಾತ್ರ ಹತ್ತಬೇಕಾದ ಮಸಿ ಗೆರೆಗಳ ನಡುವಿನ ಕಾಲುವೆಗೂ ಇಳಿದರೆ ಎಲ್ಲ ಒಂದಾಗುತ್ತದೆ. ಬೆರಳನ್ನು ಸೋಪು ಹಾಕಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಬೆವರಿದ್ದರೆ ಮಸಿ ಹರಡುತ್ತದೆ. ಪ್ಯಾಡಿಗೆ ಒತ್ತಿ ಹಿಡಿಯದೆ ಹಗುರವಾಗಿ ಮುಟ್ಟಿಸಿ, ಮೊದಲು ಬೇರೆ ಕಾಗದದ ಮೇಲೆ ಒಂದು ಸಲ ಒತ್ತಿ ಹೆಚ್ಚಿನ ಮಸಿ ಕಳೆಯಿರಿ. ಆಮೇಲೆ ಪತ್ರದ ಮೇಲೆ ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಹೊರಳಿಸಿ ಎತ್ತಿ. ಹಿಂದಕ್ಕೆ ಹೊರಳಿಸಬಾರದು. ಕೆಟ್ಟರೆ ಅದರ ಮೇಲೆಯೇ ಮತ್ತೆ ಒತ್ತದೆ ಪಕ್ಕದಲ್ಲಿ ಇನ್ನೊಂದು ತೆಗೆದುಕೊಳ್ಳಿ.

ಪಕ್ಕದಲ್ಲಿ ‘ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದು, ಹಾಗೆ ಬರೆದವರೂ ಸಹಿ ಹಾಕಬೇಕು. ಇದು ಬಿಕ್ಕಲಂಗೂ ಸಾಕ್ಷಿಗೂ ಹೊರತಾದ ಇನ್ನೊಂದು ಪಾತ್ರ. ಪತ್ರವನ್ನು ‘ಓದಿ ಹೇಳಲಾಗಿ, ಕೇಳಿ ತಿಳಿದು ಒಪ್ಪಿ’ ಎಂಬ ಸಾಲು ಇರಬೇಕು, ನಿಜವಾಗಿ ಓದಿಯೂ ಹೇಳಬೇಕು. ಅಕ್ಷರ ಬಾರದವರು ಮುಂದೆ ‘ನನಗೆ ಏನೆಂದು ಗೊತ್ತಿರಲಿಲ್ಲ’ ಎಂದರೆ ಉತ್ತರ ಕೊಡುವ ಭಾರ ಪತ್ರದಿಂದ ಲಾಭ ಪಡೆದವರ ಮೇಲೆ ಬೀಳುವುದುಂಟು. ಹೆಬ್ಬೆಟ್ಟಿನ ಬೆಲೆ ಸಹಿಗಿಂತ ಕಡಿಮೆಯೇನಲ್ಲ: 1897ರ ಜನರಲ್ ಕ್ಲಾಜಸ್ ಕಾಯ್ದೆ, ಹೆಸರು ಬರೆಯಲಾರದವರ ಮಟ್ಟಿಗೆ ಗುರುತು ಹಾಕುವುದನ್ನೂ ಸಹಿ ಎಂದೇ ಎಣಿಸುತ್ತದೆ. ಮರಾಠರ ಕಾಲದ ಕಾಗದಗಳಲ್ಲಿ ಗ್ರಾಮದ ಪಾಟೀಲರು ನೇಗಿಲಿನ ಚಿತ್ರ ಬರೆದು ‘ನಿಶಾಣಿ’ ಹಾಕುತ್ತಿದ್ದರು, ಅದೂ ಸಹಿಯೇ.

ಬೆರಳಿನ ಗುರುತು ದಸ್ತಾವೇಜಿಗೆ ಬಂದ ಕತೆ ಬಂಗಾಳದ್ದು. 1858ರಲ್ಲಿ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆಪತ್ರದ ಮೇಲೆ ಗುತ್ತಿಗೆದಾರನ ಇಡೀ ಅಂಗೈಯನ್ನೇ ಒತ್ತಿಸಿಕೊಂಡ. ಸಹಿ ನನ್ನದಲ್ಲ ಎಂದು ಆಮೇಲೆ ಅನ್ನದಿರಲಿ ಎಂಬುದು ಉದ್ದೇಶ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ನೋಂದಣಿಗೆ ಬರುವ ಪತ್ರಗಳಿಗೂ ಬೆರಳಚ್ಚು ತೆಗೆಸತೊಡಗಿದ. ಈಗ ನೋಂದಣಿ ಕಾಯ್ದೆಯ ಕಲಂ 32ಎ ಪ್ರಕಾರ ಸ್ಥಿರಾಸ್ತಿ ವರ್ಗಾವಣೆಯಲ್ಲಿ ಕೊಡುವವರು, ಕೊಳ್ಳುವವರು ಇಬ್ಬರ ಫೋಟೋ ಮತ್ತು ಬೆರಳಚ್ಚೂ ಬೇಕು, ಅವರು ಎಷ್ಟೇ ಓದಿದವರಾಗಿರಲಿ. ‘ಹೆಬ್ಬೆಟ್ಟು’ ಎಂದು ಹಳ್ಳಿಯವರನ್ನು ಹಂಗಿಸುವವರೂ ಅಲ್ಲಿ ಬೆರಳು ಕೊಡಲೇಬೇಕು.

ಪ್ರಶ್ನೆ: ಕೈಸಾಲದ ಪ್ರೋನೋಟಿಗೆ ಎಷ್ಟು ಸಾಕ್ಷಿ ಬೇಕು? (ಮಳವಳ್ಳಿಯ ಓದುಗರು)

ಉತ್ತರ: ಒಂದೂ ಬೇಡ. ಹಾಕಿಸಿದರೆ ಕೆಲವೊಮ್ಮೆ ತೊಂದರೆಯೇ. ‘ತಮಗಾಗಲಿ, ತಾವು ಆದೇಶಿಸಿದವರಿಗಾಗಲಿ’ ಎಂಬ ಮಾತಿಲ್ಲದೆ, ಸಾಕ್ಷಿಯ ಸಹಿಯೊಂದಿಗೆ ‘ಇಷ್ಟು ಹಣ ಕೊಡುತ್ತೇನೆ’ ಎಂದು ಬರೆದುಕೊಟ್ಟರೆ ಸ್ಟಾಂಪು ಕಾಯ್ದೆಯ ಲೆಕ್ಕದಲ್ಲಿ ಅದು ‘ಬಾಂಡ್’ ಆಗಿಬಿಡಬಹುದು. ಬಾಂಡಿಗೆ ಸುಂಕ ಹೆಚ್ಚು. ಆ ಮಾತು ಇರಲೇಬೇಕು. ರೆವಿನ್ಯೂ ಸ್ಟಾಂಪನ್ನು ಸಹಿಗೆ ಮೊದಲೇ ಅಂಟಿಸಿ, ಸಹಿ ಅರ್ಧ ಸ್ಟಾಂಪಿನ ಮೇಲೆ ಅರ್ಧ ಕಾಗದದ ಮೇಲೆ ಬೀಳುವಂತೆ ಹಾಕಿಸಿ. ಸ್ಟಾಂಪು ರದ್ದಾಗಿದೆ, ಮತ್ತೆ ಬಳಸುವಂತಿಲ್ಲ ಎಂದು ತೋರಿಸುವ ಕ್ರಮ ಅದು. ಸ್ಟಾಂಪು ಹಚ್ಚದ ಬೇರೆ ಹಲವು ಪತ್ರಗಳನ್ನು ದಂಡ ಕಟ್ಟಿ ಸರಿಪಡಿಸಬಹುದು, ಪ್ರೋನೋಟನ್ನು ಹಾಗೆ ಸರಿಪಡಿಸಲಾಗದು.

ಪ್ರಶ್ನೆ: ಕ್ರಯಪತ್ರಕ್ಕೆ ನಾವು ನಾಲ್ವರು ಸಹಿ ಹಾಕಿದ ಮೇಲೆ ಸರ್ವೆ ನಂಬರಿನಲ್ಲಿ ತಪ್ಪು ಕಂಡಿತು. ವೈಟ್ನರ್ ಹಚ್ಚಿ ತಿದ್ದಬಹುದೇ? ನಮ್ಮಲ್ಲೊಬ್ಬರು ದುಬೈಗೆ ಹೋಗಿಬಿಟ್ಟಿದ್ದಾರೆ. (ಕುಂದಾಪುರದ ಓದುಗರು)

ಉತ್ತರ: ವೈಟ್ನರ್ ಮುಟ್ಟಲೇಬೇಡಿ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಉಳಿಸಿ, ಮೇಲೆ ಸರಿಯಾದ ನಂಬರು ಬರೆಯಿರಿ. ತಿದ್ದಿದ ಜಾಗದ ಪಕ್ಕ ಬರೆದುಕೊಟ್ಟವರ ಚಿಕ್ಕ ರುಜು ಬೀಳಬೇಕು. ನೋಂದಣಿ ಕಾಯ್ದೆಯ ಕಲಂ 20ರಂತೆ, ತಿದ್ದುಪಡಿ, ಸಾಲುಗಳ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು ಇವುಗಳಿಗೆ ಬರೆದುಕೊಟ್ಟವರ ಸಹಿಯೋ ಚಿಕ್ಕ ರುಜುವೋ ಇಲ್ಲದಿದ್ದರೆ ಅಧಿಕಾರಿ ಪತ್ರವನ್ನು ನಿರಾಕರಿಸಬಹುದು. ಬಿಕ್ಕಲಂ ಕೊನೆಯಲ್ಲಿ ‘ಇಂಥ ಪುಟದ ಇಂಥ ಸಾಲಿನಲ್ಲಿ ಒಂದು ತಿದ್ದುಪಡಿ ಇದೆ’ ಎಂದು ಷರಾ ಬರೆಯುವ ಹಳೆಯ ಪದ್ಧತಿ ಒಳ್ಳೆಯದು, ಉಳಿಸಿಕೊಳ್ಳಿ.

ನಿಮ್ಮ ಸಂದರ್ಭದಲ್ಲಿ ಸರ್ವೆ ನಂಬರು ಪತ್ರದ ಜೀವ, ಒಬ್ಬರ ರುಜು ಸಿಗದು. ಆ ಪುಟ ಬದಲಾಯಿಸಿ ಮೂವರು ಸಹಿ ಹಾಕಿಬಿಡೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾಲ್ಕನೆಯವರು ಒಪ್ಪಿದ್ದು ಆ ಪುಟಕ್ಕಲ್ಲ. ನೋಂದಣಿಗೆ ಸಹಿಯ ದಿನದಿಂದ ನಾಲ್ಕು ತಿಂಗಳ ಅವಧಿಯಿದೆ. ಹಲವರು ಬೇರೆ ಬೇರೆ ದಿನ ಸಹಿ ಹಾಕಿದ್ದರೆ ಒಬ್ಬೊಬ್ಬರ ಸಹಿಯ ದಿನದಿಂದಲೂ ನಾಲ್ಕು ತಿಂಗಳೊಳಗೆ ಹಾಜರುಪಡಿಸಬಹುದು (ಕಲಂ 23, 24). ತಪ್ಪಿಸಲಾಗದ ಕಾರಣವಿದ್ದರೆ ಮತ್ತೆ ನಾಲ್ಕು ತಿಂಗಳು, ನೋಂದಣಿ ಶುಲ್ಕದ ಹತ್ತುಪಟ್ಟಿನವರೆಗೆ ದಂಡ ಕಟ್ಟಿ (ಕಲಂ 25). ಅಷ್ಟರೊಳಗೆ ಅವರು ರಜೆಗೆ ಬರುವುದಾದರೆ ಕಾಯಿರಿ. ಇಲ್ಲವಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿದ ಅಧಿಕಾರಪತ್ರವನ್ನು ತರಿಸಿ, ಭಾರತ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪು ಸುಂಕ ಕಟ್ಟಿ. ಆಮೇಲೆ ಹೊಸ ಕ್ರಯಪತ್ರ ಸಿದ್ಧಪಡಿಸಿ. ಅದರಲ್ಲಿ ಅಧಿಕಾರ ಪಡೆದವರು ತಮ್ಮ ಹೆಸರಿನ ಮೇಲೆ ‘ಇಂಥವರ ಪರವಾಗಿ, ಅವರ ಅಧಿಕಾರಪತ್ರ ಹೊಂದಿದ’ ಎಂದು ಪೂರ್ತಿ ಬರೆದು ಸಹಿ ಹಾಕಲಿ. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಧಿಕಾರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುವುದರಿಂದ, ನೋಂದಣಿಯ ದಿನ ಅವರು ಜೀವಂತವಾಗಿದ್ದಾರೆ ಎಂಬ ಬಗ್ಗೆ ಒಂದು ಪ್ರಮಾಣಪತ್ರವನ್ನು ಕೊಳ್ಳುವವರು ಕೇಳುತ್ತಾರೆ, ಮೊದಲೇ ಸಿದ್ಧವಿಟ್ಟುಕೊಳ್ಳಿ.